ಟಿ.ವಿ. ವಿಡಂಬನೆಯ ವಿಡಿಯೊ ಕಲೆ

ಟೆಲಿವಿಷನ್ ಕಾರ್ಯಕ್ರಮಗಳ ಧಾಟಿಯನ್ನೇ ಎರವಲು ಪಡೆದು, ಆ ಮಾಧ್ಯಮವನ್ನೂ ಅದು ಮೆರೆಸುವ ಉಪನಗರದ ಮಧ್ಯಮವರ್ಗದ ಸಂಸಾರವನ್ನೂ ಗೇಲಿ ಮಾಡುವ ಪ್ರಯೋಗಶೀಲ ವಿಡಿಯೊ ಕೃತಿಗಳ ಪರಂಪರೆ. 1970ರ ದಶಕದಲ್ಲಿ ಮುಖ್ಯವಾಗಿ ಅಮೆರಿಕದ ನ್ಯೂಯಾರ್ಕ್ ಹಾಗೂ ಕ್ಯಾಲಿಫೋರ್ನಿಯಗಳಲ್ಲಿ ಬೆಳೆಯಿತು. ಕಲಾವಿದರ ಕೈಗೆ ಸಿಕ್ಕ ಸಲಕರಣೆಗೆ ತಕ್ಕಂತೆ ವಿಡಂಬನೆಯ ರೀತಿಯೂ ಬದಲಾಗುತ್ತ ಬಂದದ್ದು ಇದರ ವಿಶೇಷ.

ಹಿನ್ನೆಲೆ: ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಉಪನಗರಗಳೂ ಟಿ.ವಿ.ಯೂ ಜೊತೆಜೊತೆಗೇ ಹಬ್ಬಿದವು. 1947ರಲ್ಲಿ ನ್ಯೂಯಾರ್ಕ್ ಬಳಿ ಲೆವಿಟ್‌ಟೌನ್ ಬಡಾವಣೆಯ ಒಂದೇ ಅಚ್ಚಿನ ಮನೆಗಳು ಏಳತೊಡಗಿದವು. 1950ರಲ್ಲಿ ನೂರಕ್ಕೆ ಸುಮಾರು 9 ಮನೆಗಳಲ್ಲಿದ್ದ ಟಿ.ವಿ., 1960ರ ವೇಳೆಗೆ ಹೆಚ್ಚುಕಡಿಮೆ 90 ಮನೆಗಳನ್ನು ಸೇರಿತ್ತು. 'ಫಾದರ್ ನೋಸ್ ಬೆಸ್ಟ್', 'ಲೀವ್ ಇಟ್ ಟು ಬೀವರ್' ಮೊದಲಾದ ಧಾರಾವಾಹಿಗಳು ವಿವೇಕಿ ಅಪ್ಪ, ಹಸನ್ಮುಖಿ ಅಮ್ಮ, ತುಂಟ ಮಕ್ಕಳ ಸಂಸಾರವನ್ನು ಮಾದರಿಯಾಗಿ ನಿಲ್ಲಿಸಿದವು. ಇವನ್ನು ನೋಡುತ್ತ ಬೆಳೆದ ಪೀಳಿಗೆಯಿಂದಲೇ ಈ ಕಲೆಯ ಹಲವು ಕರ್ತೃಗಳು ಬಂದರು.

ಆರಂಭ: 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ನಾಮ್ ಜೂನ್ ಪೈಕ್ ಟಿ.ವಿ. ಪೆಟ್ಟಿಗೆಗಳ ಚಿತ್ರವನ್ನೇ ಕೆಡಿಸಿ ಪ್ರದರ್ಶನಕ್ಕಿಟ್ಟರು. 1967ರಲ್ಲಿ ಸೋನಿ ಕಂಪನಿಯ ಪೋರ್ಟಪ್ಯಾಕ್ ಎಂಬ ವಿಡಿಯೊ ಸಲಕರಣೆ ಬಂದ ಮೇಲೆ ಒಬ್ಬರೇ ಹೊತ್ತೊಯ್ದು ಚಿತ್ರೀಕರಿಸುವುದು ಸಾಧ್ಯವಾಯಿತು. ಆದರೆ ಅದರ ಟೇಪನ್ನು ಸಂಕಲಿಸುವುದು ಕಷ್ಟ. ಹೀಗಾಗಿ ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ ಒಂದೇ ಓಟದಲ್ಲಿ ತೆಗೆದ ಕಪ್ಪು-ಬಿಳುಪು ಕೃತಿಗಳು ಹೆಚ್ಚಿದವು.

ಮಾರ್ಥಾ ರಾಸ್ಲರ್ ಅವರ 'ಸೆಮಿಯಾಟಿಕ್ಸ್ ಆಫ್ ದ ಕಿಚನ್' (1975) ಇಂಥದು. ಏಪ್ರನ್ ಕಟ್ಟಿದ ಗೃಹಿಣಿಯೊಬ್ಬಳು ಟಿ.ವಿ. ಅಡುಗೆ ಕಾರ್ಯಕ್ರಮದವಳಂತೆ ಮೇಜಿನ ಹಿಂದೆ ನಿಂತು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಪಾತ್ರೆ-ಪರಿಕರಗಳ ಹೆಸರು ಹೇಳುತ್ತ ಒಂದೊಂದನ್ನೇ ತೋರಿಸುತ್ತಾಳೆ. ಮುಖದಲ್ಲಿ ನಗುವಿಲ್ಲ. ಚಾಕುವಿನಿಂದ ಗಾಳಿಯನ್ನು ಇರಿಯುತ್ತಾಳೆ. ಸೌಟಿನಲ್ಲಿ ಇಲ್ಲದ ಸಾರನ್ನು ಪಕ್ಕಕ್ಕೆ ಎರಚುತ್ತಾಳೆ. ಕೊನೆಯ ಅಕ್ಷರಗಳಿಗೆ ಸಲಕರಣೆಯ ಹೆಸರಿಲ್ಲ. ಅವಳ ಮೈಯೇ ಅಕ್ಷರವಾಗುತ್ತದೆ. ಇದಕ್ಕೆ ಮುಂಚೆ ರಿಚರ್ಡ್ ಸೆರಾ, ಕಾರ್ಲೋಟಾ ಫೇ ಸ್ಕೂಲ್‌ಮನ್ 'ಟೆಲಿವಿಷನ್ ಡೆಲಿವರ್ಸ್ ಪೀಪಲ್'ನಲ್ಲಿ (1973), ಜಾಹೀರಾತುದಾರರಿಗೆ ಮಾರಾಟವಾಗುವ ಸರಕು ವೀಕ್ಷಕನೇ ಎಂಬುದನ್ನು ಇಂಪಾದ ಸಂಗೀತದ ಜೊತೆ ಪರದೆಯ ಮೇಲೆ ಹರಿಯುವ ಬರಹದಲ್ಲಿ ಸಾರಿದ್ದರು. 1975ರ ಜುಲೈ 4ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಆ್ಯಂಟ್ ಫಾರ್ಮ್ ತಂಡ 'ಮೀಡಿಯಾ ಬರ್ನ್' ಹೆಸರಿನಲ್ಲಿ, ಉರಿಯುವ ಟಿ.ವಿ. ಪೆಟ್ಟಿಗೆಗಳ ರಾಶಿಗೆ ಕ್ಯಾಡಿಲ್ಯಾಕ್ ಕಾರು ನುಗ್ಗಿಸಿತು.

ಟಿ.ವಿ.ಯ ಒಳಗಿಂದ: ಸಂಕಲನ ಸುಲಭವಾಗತೊಡಗಿದಂತೆ ಟಿ.ವಿ.ಯ ತುಣುಕುಗಳೇ ಕಚ್ಚಾವಸ್ತುವಾದವು. ಡಾರಾ ಬರ್ನ್‌ಬಾಮ್ 'ಟೆಕ್ನಾಲಜಿ/ಟ್ರಾನ್ಸ್‌ಫರ್ಮೇಷನ್: ವಂಡರ್ ವುಮನ್'ನಲ್ಲಿ (1978–79) ಜನಪ್ರಿಯ ಧಾರಾವಾಹಿಯ ನಾಯಕಿ ಗಿರ್ರನೆ ಸುತ್ತಿ ವೀರವನಿತೆಯಾಗುವ ಕ್ಷಣವನ್ನು ಮತ್ತೆ ಮತ್ತೆ ಜೋಡಿಸಿ, ಆ ಪವಾಡ ಬರೀ ಯಂತ್ರದ ಚಲನೆಯಾಗಿ ಕಾಣುವಂತೆ ಮಾಡಿದರು. ಇದು ನ್ಯೂಯಾರ್ಕಿನ ಕೇಶಾಲಂಕಾರದ ಅಂಗಡಿಯೊಂದರ ಕಿಟಕಿಯಲ್ಲೂ ಪ್ರದರ್ಶನಗೊಂಡಿತು.

ಸಂಸಾರದ ಚಿತ್ರಣ: ಐಲೀನ್ ಸೆಗಲೋವ್ 'ದ ಮಾಮ್ ಟೇಪ್ಸ್'ನಲ್ಲಿ (1974–78) ತಮ್ಮ ತಾಯಿಯನ್ನೇ ಪಾತ್ರವಾಗಿಸಿದರು. ಮೈಕೆಲ್ ಸ್ಮಿತ್ ಸೃಷ್ಟಿಸಿದ 'ಮೈಕ್' ಟಿ.ವಿ. ಹೇಳಿದ್ದನ್ನೆಲ್ಲ ನಂಬುವ ಸಪ್ಪೆ ಮನುಷ್ಯ. 'ಇಟ್ ಸ್ಟಾರ್ಟ್ಸ್ ಅಟ್ ಹೋಮ್'ನಲ್ಲಿ (1982) ಮನೆಗೆ ಕೇಬಲ್ ಹಾಕಿಸಿದ ಅವನ ದಿನಚರಿಯೇ ಕಾರ್ಯಕ್ರಮವಾಗಿ ಪ್ರಸಾರವಾಗುತ್ತದೆ. ಪಾಲ್ ಮೆಕಾರ್ಥಿ, ಮೈಕ್ ಕೆಲ್ಲಿ ಜೋಡಿಯ 'ಫ್ಯಾಮಿಲಿ ಟಿರನಿ' (1987) ಅಪ್ಪ-ಮಗನ ಸಂಬಂಧದ ಕ್ರೌರ್ಯವನ್ನು ಟಿ.ವಿ. ಸೆಟ್ಟಿನಂಥ ಮನೆಯಲ್ಲಿ ತೋರಿಸಿ ನಗುವನ್ನು ಭಯಕ್ಕೆ ತಿರುಗಿಸಿತು.

ನಂತರದ ಬೆಳವಣಿಗೆ: ಕಂಪ್ಯೂಟರ್ ಸಂಕಲನದ ಕಾಲದಲ್ಲಿ ರಯಾನ್ ಟ್ರೆಕಾರ್ಟಿನ್ 'ಎ ಫ್ಯಾಮಿಲಿ ಫೈಂಡ್ಸ್ ಎಂಟರ್‌ಟೈನ್‌ಮೆಂಟ್' (2004) ತಯಾರಿಸಿದರು. ಗಾಢ ಬಣ್ಣ, ಧಾವಂತದ ಮಾತುಗಳ ನಡುವೆ ಇದರಲ್ಲಿ ಸಂಸಾರ ಚೆಲ್ಲಾಪಿಲ್ಲಿಯಾಗುತ್ತದೆ. 2014ರಲ್ಲಿ ಅಡಲ್ಟ್ ಸ್ವಿಮ್ ವಾಹಿನಿ, ಕೌಟುಂಬಿಕ ಹಾಸ್ಯ ಧಾರಾವಾಹಿಯ ಶೀರ್ಷಿಕೆಗೀತೆ ಮುಗಿಯದೆ ಬೆಳೆಯುತ್ತಲೇ ಹೋಗುವ 'ಟೂ ಮೆನಿ ಕುಕ್ಸ್' ಅನ್ನು ಪ್ರಸಾರ ಮಾಡಿತು. ಗ್ಯಾಲರಿಗಳಲ್ಲಿ ಬೆಳೆದ ಗೇಲಿ ಆ ಹೊತ್ತಿಗೆ ಟಿ.ವಿ.ಯದೇ ಕಾರ್ಯಕ್ರಮವಾಗಿತ್ತು.