ಅಪಾಯ ತಗೊಂಡವರುಂಟೆ?

ಟ್ರಾನ್ಸ್‌ಫಾರ್ಮರ್ ಕಂಬದ ಕೆಂಪು ಫಲಕದಲ್ಲಿ ಒಂದು ತಲೆಬುರುಡೆ, ಅಡ್ಡಡ್ಡ ಎರಡು ಮೂಳೆ, ಜೊತೆಗೆ ದಪ್ಪಕ್ಷರದಲ್ಲಿ ‘ಅಪಾಯ’. ಕನ್ನಡ ಓದಲು ಬರುವವರಿಗೆ ಇದರಲ್ಲಿ ಅನುಮಾನವೇ ಇಲ್ಲ: ಮುಟ್ಟಿದೆಯೋ, ಸತ್ತೆ. ಇದೇ ಪದ ಟಿ.ವಿ. ಜಾಹೀರಾತಿನ ಕೊನೆಯಲ್ಲೂ ಬರುತ್ತದೆ. ಮ್ಯೂಚುವಲ್ ಫಂಡ್ ಹೂಡಿಕೆ ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿದೆ ಅಂತ ಯಾರೋ ಬೆನ್ನಟ್ಟಿಕೊಂಡು ಬಂದ ಹಾಗೆ ಒಂದೇ ಉಸಿರಿಗೆ ಒದರಿ ಮುಗಿಸುತ್ತಾರಲ್ಲ, ಅಲ್ಲಿ. ಕಂಬದ ಅಪಾಯ ದೂರ ನಿಲ್ಲು ಅನ್ನುತ್ತದೆ. ಟಿ.ವಿ.ಯ ಅಪಾಯ ಹತ್ತಿರ ಬಾ, ಆದರೆ ಆಮೇಲೆ ನನ್ನನ್ನು ಕೇಳಬೇಡ ಅನ್ನುತ್ತದೆ. ಎರಡೂ ಕೆಲಸವನ್ನು ಒಂದೇ ಪದದ ತಲೆಗೆ ಕಟ್ಟಿದವರಿಗೆ ಪದದ ಗುಣ ಗೊತ್ತಿರಲಿಲ್ಲ ಅಂತಲೇ ನನ್ನ ಅನುಮಾನ.

ಅಪಾಯವನ್ನು ಯಾರೂ ‘ತಗೊಳ್ಳುವುದಿಲ್ಲ’. ಅದು ಬರುತ್ತದೆ, ಎದುರಾಗುತ್ತದೆ, ಕಾದು ಕೂತಿರುತ್ತದೆ. ಮಳೆಗಾಲದ ಪತ್ರಿಕೆಗಳಲ್ಲಿ ನದಿ ಅಪಾಯದ ಮಟ್ಟ ಮೀರಿ ಹರಿಯುತ್ತದೆ, ಬಸ್ಸು ಮಗುಚಿದ ಸುದ್ದಿಯಲ್ಲಿ ಪ್ರಯಾಣಿಕರು ಪ್ರಾಣಾಪಾಯದಿಂದ ಪಾರಾಗುತ್ತಾರೆ. ಎಲ್ಲ ಕಡೆಯೂ ಅಪಾಯ ತಾನಾಗಿ ಬರುವುದು, ಮನುಷ್ಯ ಸಿಕ್ಕಿಕೊಂಡವನು. ಬೇಕಂತಲೇ ಕೈ ಹಾಕಿದವನಿಗೆ ಕನ್ನಡಿಗರು ಬೇರೆ ಪದ ತಂದುಕೊಂಡರು: ರಿಸ್ಕು. ‘ಓನರ್ಸ್ ರಿಸ್ಕ್’ ಅಂತ ಲಾರಿ ಪಾರ್ಸೆಲ್ ಆಫೀಸಿನ ರಸೀದಿಯ ಮೇಲೆ ಇದ್ದದ್ದೇ. ಮಾಲು ನೆನೆದರೆ ನಿಮ್ಮ ಹಣೆಬರಹ ಅಂತ ಅರ್ಥ. ಮನೆಮಾತಿಗೆ ಬಂದಮೇಲೆ ಅದಕ್ಕೊಂದು ಮೀಸೆ ಬಂತು. ‘ಒಳ್ಳೇ ರಿಸ್ಕ್ ತಗೊಂಡ ಕಣ್ರೀ’ ಅನ್ನುವಾಗ ದನಿಯಲ್ಲಿ ಮೆಚ್ಚುಗೆಯಿದೆ. ಆದರೆ ಇದು ಗೆದ್ದವನಿಗೆ ಮಾತ್ರ ಸಿಗುವ ಮಾತು. ಅದೇ ಕೆಲಸ ಮಾಡಿ ಮುಳುಗಿದವನ ಬಗ್ಗೆ ರಿಸ್ಕಿನ ಸುದ್ದಿಯೇ ಬರುವುದಿಲ್ಲ. ‘ಬೇಕಿತ್ತಾ ಇವನಿಗೆ?’ ಅಂತಾರೆ, ಅಷ್ಟೆ.

ನಮ್ಮ ವಾಣಿಜ್ಯ, ಅರ್ಥಶಾಸ್ತ್ರದ ಪಠ್ಯಪುಸ್ತಕಗಳು ಇನ್ನೊಂದು ಪದ ಮಾಡಿಕೊಂಡಿವೆ: ನಷ್ಟಭಯ. ಪರೀಕ್ಷೆ ಮುಗಿದಮೇಲೆ ಯಾರೂ ಇದನ್ನು ಆಡುವುದಿಲ್ಲವಾದರೂ ಗಮನಿಸಬೇಕಾದ ಪದ. ಆಗಬಹುದಾದ ನಷ್ಟವನ್ನೂ ಅದರ ಕುರಿತ ಹೆದರಿಕೆಯನ್ನೂ ಒಂದೇ ಸಮಾಸದಲ್ಲಿ ಕೂಡಿಹಾಕಿದ್ದಾರೆ. ಇವೆರಡು ಬೇರೆಬೇರೆ ತಾನೆ? ನಷ್ಟದ ಸಂಭವವನ್ನು ಲೆಕ್ಕ ಹಾಕಬಹುದು, ಭಯವನ್ನು ಲೆಕ್ಕ ಹಾಕುವುದು ಹೇಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರ ತನ್ನ ಪುಸ್ತಕದಲ್ಲಿ ಲೆಕ್ಕಕ್ಕೆ ಸಿಗುವುದನ್ನು ಒಂದು ಕಡೆ, ಸಿಗದ ಅನಿಶ್ಚಿತತೆಯನ್ನು ಇನ್ನೊಂದು ಕಡೆ ಇಟ್ಟು, ಉದ್ಯಮಿಯ ಲಾಭ ಹುಟ್ಟುವುದು ಎರಡನೆಯದರಿಂದ ಎಂದ. ಲೆಕ್ಕಕ್ಕೆ ಸಿಗುವುದಕ್ಕೆ ವಿಮೆ ಮಾಡಿಸಬಹುದು. ಸಿಗದ್ದಕ್ಕೆ ನಮ್ಮಲ್ಲಿರುವುದು ‘ಟೆನ್ಷನ್ ತಗೋಬೇಡಿ’ ಎಂಬ ಸಾಂತ್ವನ. ಕರಾವಳಿಯವರಾದರೆ ‘ಮಂಡೆಬಿಸಿ ಮಾಡ್ಬೇಡಿ ಮಾರಾಯ್ರೆ’ ಅನ್ನುತ್ತಾರೆ. ಕೇಳಿದರೇ ಸ್ವಲ್ಪ ತಂಪಾಗುತ್ತದೆ.

ಅಪಾಯ ಒಂಟಿ ಪದವಲ್ಲ, ಅದಕ್ಕೊಂದು ಒಡಹುಟ್ಟಿದೆ. ಸಂಸ್ಕೃತದಲ್ಲಿ ‘ಹೋಗು’ ಎಂಬರ್ಥದ ಒಂದೇ ಧಾತುವಿಗೆ ‘ಅಪ’ ಸೇರಿದರೆ ಅಪಾಯ, ಅಂದರೆ ದೂರ ಸರಿಯುವುದು, ಕಳೆದುಹೋಗುವುದು. ‘ಉಪ’ ಸೇರಿದರೆ ಉಪಾಯ, ಹತ್ತಿರ ಹೋಗುವುದು, ಹತ್ತಿರ ಹೋಗುವ ದಾರಿ. ‘ಉಪಾಯ ಬಲ್ಲವನಿಗೆ ಅಪಾಯವಿಲ್ಲ’ ಎಂಬ ಗಾದೆ ಇವೆರಡನ್ನೂ ಎದುರುಬದುರು ನಿಲ್ಲಿಸಿ ಉಪಾಯವನ್ನು ಗೆಲ್ಲಿಸುತ್ತದೆ. ಪಂಚತಂತ್ರಕ್ಕೆ ಅಷ್ಟು ಭರವಸೆಯಿಲ್ಲ. ಅಲ್ಲೊಂದು ಕೊಕ್ಕರೆಯ ಕಥೆ ಬರುತ್ತದೆ. ಮರದ ಪೊಟರೆಯ ಹಾವು ಮರಿಗಳನ್ನು ತಿನ್ನುತ್ತಿತ್ತು. ಕೊಕ್ಕರೆಗೆ ಒಂದು ಉಪಾಯ ಸಿಕ್ಕಿತು: ಮುಂಗುಸಿಯ ಬಿಲದಿಂದ ಹಾವಿನ ಪೊಟರೆಯವರೆಗೆ ಮೀನಿನ ತುಂಡು ಚೆಲ್ಲುವುದು. ಉಪಾಯ ಫಲಿಸಿತು, ಮುಂಗುಸಿ ಬಂದು ಹಾವನ್ನು ಮುಗಿಸಿತು. ಆಮೇಲೆ ಮರದಲ್ಲಿದ್ದ ಕೊಕ್ಕರೆಗಳನ್ನೂ ಒಂದೊಂದಾಗಿ ಮುಗಿಸಿತು. ಉಪಾಯ ಹೂಡುವವನು ಅದರ ಅಪಾಯವನ್ನೂ ಯೋಚಿಸಬೇಕು ಎಂಬುದು ಅಲ್ಲಿಯ ನೀತಿ. ಸಾಲ ತೀರಿಸಲು ಮೀಟರ್ ಬಡ್ಡಿಗೆ ಕೈಚಾಚಿದವರು ಮುಂಗುಸಿಯನ್ನು ಹತ್ತಿರದಿಂದ ನೋಡಿದ್ದಾರೆ.

ಹಾಗಾದರೆ ಕೊಕ್ಕರೆಗೆ ಮೊದಲೇ ಹೇಳುವವರು ಇರಲಿಲ್ಲವೇ? ಇದ್ದಿದ್ದರೂ ಹಾಗೆ ಹೇಳಿದವರ ಪಾಡು ಏನಾಗುತ್ತಿತ್ತು ಎಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ: ‘ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ’. ಅಪಶಕುನದ ಬಾಯವರನ್ನು ಗೇಲಿ ಮಾಡಲು ಈ ಗಾದೆ ಬಳಸುತ್ತೇವೆ. ನನಗೆ ಯಾವಾಗಲೂ ಸೋಮನ ಕಡೆಗೇ ಮನಸ್ಸು. ಮರದಲ್ಲಿ ನಿಜವಾಗಿಯೂ ಗೂಬೆ ಕೂತಿದ್ದರೆ ಆ ಹುಡುಗ ಏನನ್ನಬೇಕಿತ್ತು, ಗಿಳಿ ಅನ್ನಬೇಕಿತ್ತೇ?

ಬೆಂಗಳೂರಿನಲ್ಲಿ ಯಾರಾದರೂ ಹೋಟೆಲು ಇಡುತ್ತೇನೆ ಅಂತ ಮನೆಯಲ್ಲಿ ಬಾಯಿಬಿಟ್ಟ ದಿನ ನೋಡಿ. ಬಾಡಿಗೆ ಎಷ್ಟು, ಕೊಟ್ಟ ಅಡ್ವಾನ್ಸ್ ವಾಪಸ್ ಬರುತ್ತಾ, ಎದುರಿನ ರಸ್ತೆಯನ್ನು ಮೆಟ್ರೋಗಂತ ಅಗೆದರೆ ಗಿರಾಕಿ ಎಲ್ಲಿಂದ ಬರಬೇಕು? ಮೂರೂ ಹೋಟೆಲಿನ ಜುಟ್ಟು ಹಿಡಿದ ಪ್ರಶ್ನೆಗಳು. ಕೇಳಿದ ಚಿಕ್ಕಪ್ಪನಿಗೆ ಸಿಗುವ ಉತ್ತರ ‘ಒಳ್ಳೇ ಕೆಲಸಕ್ಕೆ ಹೊರಟಾಗ ಅಡ್ಡಬಾಯಿ ಹಾಕಬೇಡಿ’. ಹೋಟೆಲು ಮುಚ್ಚಿದರೆ ತಪ್ಪು ಬಾಡಿಗೆಯದಲ್ಲ, ಚಿಕ್ಕಪ್ಪನ ಬಾಯಿಯದು. ಗೂಬೆ ನೋಡಿದವನ ಮೇಲೇ ಗೂಬೆ ಕೂರಿಸುವುದು ಅಂದರೆ ಇದೇ. ಎಚ್ಚರಿಕೆಗೂ ಶಾಪಕ್ಕೂ ನಡುವಿನ ಗೆರೆ ನಮ್ಮಲ್ಲಿ ತೆಳು. ಹಾವು ಕಚ್ಚಿತು ಅನ್ನದೆ ಹುಳ ಮುಟ್ಟಿತು ಅನ್ನುತ್ತೇವೆ, ಹೋಗ್ತೀನಿ ಅನ್ನದೆ ಹೋಗಿಬರ್ತೀನಿ ಅನ್ನುತ್ತೇವೆ. ಮನೆಯ ಮಟ್ಟಿಗೆ ಇದು ಚಂದ, ನಾನೂ ಬಿಡಲಾರೆ. ವ್ಯಾಪಾರದ ಮೇಜಿಗೆ ಬಂದಾಗ ಮಾತ್ರ ದುಬಾರಿ.

ಅಪಾಯವನ್ನು ಬಾಯಿತುಂಬ ಆಡುವ ಜಾಗವೂ ಇದೆ: ಮಲೆನಾಡಿನ ಅಡಿಕೆ ತೋಟ, ಚೇಣಿ ಮಾತಾಡುವ ಹೊತ್ತು. ಕೆಲವು ಕಡೆ ಇದನ್ನೇ ಕೇಣಿ ಅನ್ನುತ್ತಾರೆ. ಫಸಲು ಇನ್ನೂ ಮರದ ಮೇಲಿರುವಾಗಲೇ ಬೆಲೆ ಕಟ್ಟಿ ಕೊಯ್ಲಿನ ಹಕ್ಕು ಕೊಳ್ಳುವ ವಹಿವಾಟು. ಚೇಣಿ ಹಿಡಿಯುವವನು ಕತ್ತೆತ್ತಿ ಅಡಿಕೆ ಗೊನೆಗಳನ್ನು ನೋಡುತ್ತಾ ಈ ಸಲ ಮಳೆ ಜಾಸ್ತಿ, ಕೊಳೆರೋಗ ಬಂದರೆ ಅರ್ಧ ಉದುರಿತು, ಕೊಯ್ಯಲು ಆಳು ಸಿಗೋದಿಲ್ಲ, ದರ ಬಿದ್ದರೆ ನಾನು ಮುಳುಗಿದೆ ಅಂತ ಒಂದೊಂದೇ ಹೇಳುತ್ತಾನೆ. ತೋಟದ ಯಜಮಾನರು ಅವನನ್ನು ಅಪಶಕುನದವನೆಂದು ಅಟ್ಟುವುದಿಲ್ಲ. ಎರಡು ಸಲ ಬೋರ್ಡೋ ದ್ರಾವಣ ಹೊಡೆಸಿದ್ದೇನಪ್ಪ, ಎಲ್ಲಿದೆ ಕೊಳೆ ತೋರಿಸು ಅನ್ನುತ್ತಾರೆ. ಅಲ್ಲಿ ಅಪಾಯಕ್ಕೆ ಬೆಲೆಯಿದೆ, ಒಂದೊಂದು ಮಾತಿಗೂ ಒಂದಿಷ್ಟು ರೂಪಾಯಿ ಇಳಿಯುತ್ತದೆ. ಕೈಕೈ ಹಿಡಿದು ಮಾತು ಮುಗಿದಮೇಲೆ ಕೊಳೆಯ ಅಪಾಯ ಯಜಮಾನರ ತಲೆಯಿಂದ ಚೇಣಿಯವನ ತಲೆಗೆ ದಾಟಿರುತ್ತದೆ. ಇಬ್ಬರಲ್ಲಿ ಯಾರೂ ರಿಸ್ಕು ಎಂಬ ಪದ ಎತ್ತದೆ ಇದು ಮುಗಿದುಹೋಗಬಹುದು. ಕಾಲು ಜಾರುವ ಮಳೆಯಲ್ಲಿ ಮರ ಹತ್ತಿ ಮದ್ದು ಹೊಡೆಯುವವನ ಅಪಾಯ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ, ಅದು ಬೇರೆಯೇ ಕಥೆ.

ಮಳೆಯ ಅಪಾಯವನ್ನು ಹೀಗೆ ಬೆಲೆ ಕಟ್ಟಿ ದಾಟಿಸಬಹುದೆಂದು ಸರ್ಕಾರಿ ಕಾಗದದ ಭಾಷೆಯಲ್ಲಿ ಮೊದಲು ಬರೆದವರಲ್ಲಿ ಮೈಸೂರಿನವರೊಬ್ಬರಿದ್ದರು. ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ 1915ರ ಹೊತ್ತಿನಿಂದ ಲೇಖನ ಬರೆದು, 1920ರಲ್ಲಿ ಕೃಷಿ ವಿಮೆಯ ಬಗ್ಗೆ ಪುಸ್ತಕವನ್ನೇ ತಂದರು. ಹೊಲ ಹೊಲ ಸುತ್ತಿ ನಷ್ಟ ಅಳೆಯುವುದು ಬೇಡ, ಮಳೆಯ ದಾಖಲೆ ನೋಡಿ ಪರಿಹಾರ ಕೊಡಿ ಎಂಬುದು ಅವರ ಉಪಾಯ. ಸರ್ಕಾರಿ ನೌಕರರಿಗೆ ಜೀವವಿಮೆಯನ್ನು 1891ರಲ್ಲೇ ತಂದಿದ್ದ ಮೈಸೂರೂ ಇದನ್ನು ಜಾರಿಗೆ ತರಲಿಲ್ಲ. ಈಗ ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ, ವಿಮಾ ಮೊತ್ತದ ಶೇ 5ರಷ್ಟನ್ನು ರೈತ ಕಟ್ಟುತ್ತಾನೆ, ಪರಿಹಾರ ತೀರ್ಮಾನವಾಗುವುದು ಮುಖ್ಯವಾಗಿ ಮಳೆ ಮಾಪಕದ ಅಂಕಿಯಿಂದ. ಗುಡ್ಡದ ಈಚೆ ಸುರಿದದ್ದು ಆಚೆ ಇರುವ ಮಾಪಕಕ್ಕೆ ಗೊತ್ತಾಗದೆ ಹೋದರೆ? ಮಾಪಕವೇ ಕೆಟ್ಟು ನಿಂತಿದ್ದರೆ? ಹಣ ಬಾರದ ವರ್ಷ ಎಲ್ಲರೂ ಕೇಳುವ ಪ್ರಶ್ನೆಗಳಿವು. ಮಳೆಗೆ ಮುಂಚೆ, ಕಂತು ಕಟ್ಟುವ ದಿನವೇ ಇದನ್ನು ಕೇಳಿದವನೊಬ್ಬ ಊರಲ್ಲಿ ಇದ್ದೇ ಇರುತ್ತಾನೆ. ಸಾಲಿನಲ್ಲಿ ಹಿಂದೆ ನಿಂತವರು ‘ಬೇಗ ಕಟ್ಟಿ ನಡಿಯೋ ಮಾರಾಯ’ ಅಂತ ಅವನನ್ನು ಮುಂದೆ ತಳ್ಳಿರುತ್ತಾರೆ.