ಹಳೆಯ ರಿವಾಲ್ವರಿನ ಹಿಡಿ

ಆಯುಧದ ಪೂರ್ವೋತ್ತರಗಳನ್ನರಿಯಲು ಹಿಡಿಯು ಮುಖ್ಯ ಸಾಧನವೆಂಬುದು ವಾಚಕರಿಗೆ ವಿದಿತವೇ ಇದೆ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಆಂಗ್ಲರ ವಶವಾದ ಟಿಪ್ಪುವಿನ ಖಡ್ಗಗಳಲ್ಲಿ ಕೆಲವು ಹುಲಿಮೊಗದ ಹಿಡಿಯಿಂದಲೇ ಗುರುತಿಗೆ ಬರುತ್ತವೆ.

ಸಖರಾಯಪಟ್ಟಣದ ಗೃಹಸ್ಥರೊಬ್ಬರಲ್ಲಿ ತಾತನ ಕಾಲದ ವೆಬ್ಲಿ ರಿವಾಲ್ವರೊಂದುಂಟು. ಅದರ ಹಿಡಿಯ ಒಂದು ಪಕ್ಕದ ಹಲಗೆ ಒಡೆದಿದೆ. ಬಡಗಿಯು ಬೀಟೆಯಲ್ಲಿ ಹೂಬಳ್ಳಿ ಕೆತ್ತಿ ಕೊಡುವೆನೆಂದನಂತೆ. ಬೀಟೆಗೆ ನಮ್ಮ ಸೀಮೆಯಲ್ಲಿ ಬರವಿಲ್ಲ, ನಿಜ. ಆದರೆ ಅದು ಗುಡಿಯ ಶಿಲ್ಪಕ್ಕೆ ಸುಣ್ಣ ಬಳಿದಂತಾದೀತು!

1887ರಲ್ಲಿ ಬ್ರಿಟಿಷ್ ಸೈನ್ಯವು ಅಂಗೀಕರಿಸಿದ ಮೊದಲನೆಯ ಮಾದರಿಯಿಂದ ಐದನೆಯದರವರೆಗೆ ಹಿಡಿಯ ಬುಡವು ಪಕ್ಷಿಯ ಕೊಕ್ಕಿನಂತೆ ಬಾಗಿರುವುದು. 1915ರ ಆರನೆಯ ಮಾದರಿಯಲ್ಲಿ ಬುಡವು ಚೌಕವಾಯಿತು. ಆದಕಾರಣ ಒಂದರ ಹಲಗೆ ಮತ್ತೊಂದಕ್ಕೆ ಕೂಡದು. ಕೊಳ್ಳುವ ಮುನ್ನ ಲೋಹದ ಮೇಲಿನ ಮುದ್ರೆಯನ್ನು ಓದತಕ್ಕದ್ದು.

ಹಲಗೆಯ ದ್ರವ್ಯವಾದರೋ ಮರವಲ್ಲ, ವಲ್ಕನೈಟು. ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರು. ಇದಕ್ಕೆ ಬೀಳುವ ಪೆಟ್ಟು ಸಹಿಸದು. ಬಿಸಿಲಿಗೆ ಕಪ್ಪು ಮಾಸಿ ಕಂದಾಗುವುದು. ಉಳಿದ ಹಲಗೆ ಕಂದಾಗಿರಲು ಪಕ್ಕದಲ್ಲಿ ಕಾಡಿಗೆಯಂತೆ ಹೊಳೆಯುವ ಹೊಸತೊಂದನ್ನಿಟ್ಟರೆ ಕೃತಕವೆಂದು ಮಕ್ಕಳೂ ಹೇಳಿಯಾರು. ಎರಡು ಹಲಗೆಗಳನ್ನೂ ಹಿಡಿದಿರುವುದು ಅಡ್ಡಲಾಗಿ ತೂರಿದ ಒಂದೇ ತಿರುಪು. ಬಿಗಿಮಾಡುವ ಅವಸರದಲ್ಲೇ ಎಷ್ಟೋ ಹಲಗೆಗಳು ಸೀಳುತ್ತವೆ.

ಅದೇ ಮಾದರಿಯ ಹಳೆಯ ಹಲಗೆ ದೊರೆತರೆ ಉತ್ತಮ. ದೊರೆಯದಿದ್ದರೆ ಅಚ್ಚು ತೆಗೆದು ಮಾಡಿಸಲಿ, ಆದರೆ ಒಳಮೈಯಲ್ಲಿ ಮಾಡಿಸಿದ ವರ್ಷವನ್ನು ಕೆತ್ತಿಸಲಿ. ಒಡೆದ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಆಯುಧದ ಪೆಟ್ಟಿಗೆಯಲ್ಲೇ ಇಡಲಿ ಎಂದು ಆ ಗೃಹಸ್ಥರಿಗೆ ತಿಳಿಸಿದ್ದೇನೆ.