ಗೌರಿಬಿದನೂರಿನ ನೆಲದಡಿಯ ತಕ್ಕಡಿ

ಕ್ಯಾಂಪಿನ ಈಸ್ಟ್ ಸ್ಟ್ರೀಟಲ್ಲಿ ಚಹಾ ಕುಡೀತಾ ಕೂತಿದ್ದಾಗ ಹುಬ್ಬಳ್ಳಿಯ ಗೆಳೆಯ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಎದುರುಬದುರು ಇಟ್ಟು ಕೇಳಿದ: "ಇವನ್ನ ಸ್ಪೇಸ್‌ನಾಗ ಬಿಟ್ರ ತಾವಾಗೇ ಹತ್ರ ಬರ್ತಾವೇನ?"

ಬರ್ತವೆ. ಲೆಕ್ಕ ಹಾಕಿದೆ. ಒಂದೊಂದು ಕೆಜಿಯ ಎರಡು ಕಬ್ಬಿಣದ ಗುಂಡು, ನಡುವೆ ಒಂದು ಮೀಟರ್, ಸುತ್ತ ಬೇರೇನೂ ಇಲ್ಲ ಅಂದ್ರೆ, ತಾಗೋಕೆ ಸುಮಾರು 26 ಗಂಟೆ. ಆದರೆ ಬಾಹ್ಯಾಕಾಶ ನಿಲ್ದಾಣದ ಹತ್ತಿರ ಬಿಟ್ರೆ ಈ ಆಟ ನಡೆಯಲ್ಲ. ಭೂಮಿ ಎರಡು ಗುಂಡನ್ನೂ ಚೂರು ಹೆಚ್ಚುಕಮ್ಮಿ ಎಳೆಯುತ್ತೆ; ಆ ಚೂರು ವ್ಯತ್ಯಾಸವೇ ಅವುಗಳ ಪರಸ್ಪರ ಸೆಳೆತಕ್ಕಿಂತ ಸಾವಿರಾರು ಪಟ್ಟು ದೊಡ್ಡದು.

ಇಷ್ಟು ಸಣ್ಣ ಸೆಳೆತವನ್ನ ಭೂಮಿ ಮೇಲೇ ಅಳೆದವರು ಲಂಡನ್ನಿನ ಹೆನ್ರಿ ಕ್ಯಾವೆಂಡಿಶ್, 1797-98ರಲ್ಲಿ. ಉಪಾಯ ಸರಳ: ತಂತಿಗೆ ಅಡ್ಡ ಕೋಲು ತೂಗುಹಾಕಿ, ತುದಿಗಳಿಗೆ ಸಣ್ಣ ಸೀಸದ ಗುಂಡು ಕಟ್ಟಿ, ಪಕ್ಕಕ್ಕೆ 158 ಕೆಜಿಯ ಗುಂಡು ತರೋದು. ಭೂಮಿ ಎಳೆಯೋದು ಕೆಳಕ್ಕೆ, ಕೋಲು ತಿರುಗೋದು ಅಡ್ಡಕ್ಕೆ. ಹಾಗಾಗಿ ಭೂಮಿಯ ಕಾಟ ತಪ್ಪಿತು. ಸಿಕ್ಕ ಬಲ ನುಣ್ಣನೆ ಮರಳಿನ ಒಂದು ಕಣದ ತೂಕದಷ್ಟು! ಮೈಯ ಬಿಸಿಗೇ ಗಾಳಿ ಅಲುಗಾಡುತ್ತೆ ಅಂತ ಆತ ಕೋಣೆಯ ಹೊರಗೆ ನಿಂತು ದೂರದರ್ಶಕದಲ್ಲಿ ನೋಡ್ತಿದ್ದ. ಉಪಕರಣದ ಐಡಿಯಾ ಮಾತ್ರ ಅವನದಲ್ಲ, ಜಾನ್ ಮಿಚೆಲ್‌ನದು. ಪಾಪ, ಪ್ರಯೋಗ ಮಾಡುವ ಮೊದಲೇ ತೀರಿಕೊಂಡ.

ಇಲ್ಲೀವರೆಗಿನ ಕಥೆ ಪಠ್ಯಪುಸ್ತಕದಲ್ಲಿದೆ. ಇಲ್ಲದ್ದು ಮುಂದಿನದು.

1986ರಲ್ಲಿ ಅಮೆರಿಕದ ಎಫ್ರೈಮ್ ಫಿಶ್‌ಬಾಕ್ ಮತ್ತು ಸಂಗಡಿಗರು ಹಳೇ ಅಳತೆಗಳನ್ನ ಮತ್ತೆ ಕೆದಕಿ, ಗುರುತ್ವದ ಜೊತೆ ಐದನೇ ಬಲವೊಂದು ಇರಬಹುದು, ವಸ್ತು ಯಾವುದರಿಂದ ಆಗಿದೆ ಅನ್ನೋದರ ಮೇಲೆ ಅದು ಬದಲಾಗುತ್ತೆ ಅಂದ್ರು. ಜಗತ್ತಿನ ಲ್ಯಾಬುಗಳೆಲ್ಲ ಹುಡುಕಾಟಕ್ಕೆ ಇಳಿದವು. ಅದರಲ್ಲೊಂದು ನಮ್ಮ ಗೌರಿಬಿದನೂರಿನದು. ಟಿಐಎಫ್‌ಆರ್‌ನ ರಮಾನಾಥ್ ಕೌಶಿಕ್, ಕೃಷ್ಣನ್, ಟಂಡನ್, ಉನ್ನಿಕೃಷ್ಣನ್ ಅಲ್ಲಿ ನೆಲದಡಿಯ ಕೋಣೆಯಲ್ಲಿ ಕ್ಯಾವೆಂಡಿಶ್ ವಂಶದ್ದೇ ತಿರುಚು ತಕ್ಕಡಿ ತೂಗುಹಾಕಿದ್ರು. ಲಾರಿ ಓಡಾಟ, ಹಗಲುರಾತ್ರಿಯ ತಾಪ ಎರಡೂ ಈ ಕೆಲಸಕ್ಕೆ ಶತ್ರು. ಆಳದಲ್ಲಿ ಎರಡೂ ಕಮ್ಮಿ. 1988 ಮತ್ತು 1990ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಫಲಿತಾಂಶ ಬಂತು: ಅಂಥ ಬಲ ಕಾಣಲಿಲ್ಲ, ಇದ್ದರೂ ಇಷ್ಟಕ್ಕಿಂತ ಜಾಸ್ತಿ ಇರಲಾರದು.

"ಅಷ್ಟೆಲ್ಲ ಮಾಡಿ ಏನೂ ಸಿಗಲಿಲ್ಲವಾ?" ಅಂದ ಗೆಳೆಯ. ನನಗೆ ಸಿಟ್ಟು ಬಂತು. ನಾವು ಟೆಸ್ಟ್ ಬರೆದು ಬಗ್ ಸಿಗದಿದ್ದರೆ ಸಂಬಳ ಬೇಡ ಅಂತೀವಾ? ಬೇರೆ ಲ್ಯಾಬುಗಳೂ ಅದನ್ನೇ ಹೇಳಿದ ಮೇಲೆ ಐದನೇ ಬಲದ ಆ ಸುದ್ದಿ ತಣ್ಣಗಾಯ್ತು.

ಅವರಲ್ಲಿ ಟಂಡನ್ ಆಮೇಲೆ ನಮ್ಮ ಪುಣೆಯ ಐಯುಕಾಗೆ ಬಂದರು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಅಲ್ಟ್ರಾವಯೊಲೆಟ್ ದೂರದರ್ಶಕದಲ್ಲಿ ಅವರ ಕೈ ದೊಡ್ಡದು. ಇನ್ನು ಗೌರಿಬಿದನೂರು? ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಗೆ ಬರೋರೆಲ್ಲ ಅದನ್ನ ದಾಟಿಯೇ ಬಂದಿರ್ತೀವಿ, ಊಟದ ಡಬ್ಬಿ ತೆಗೆಯೋ ಹೊತ್ತಿಗೆ.